ಹದಿಮೂರು ಸಾಲಿನ ತೆನೆ

ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ. ರಾತ್ರಿಯಿಡೀ ಸುರಿದ ಜಿಟಿಜಿಟಿ ಮಳೆ ಈಗಷ್ಟೇ ಹೊರಪಾಗಿದೆ. ಹಾನಗಲ್ ದಾಟಿ ಮಲೆನಾಡಿನ ಕಡೆ ಹೊರಟರೆ ಬೇಲಿಗಳ ಮೇಲೆ ಗೌರಿ ಹೂ: ಬುಡದಲ್ಲಿ ಹಳದಿ, ತುದಿಯಲ್ಲಿ ಕೆಂಡದ ಬಣ್ಣ, ಎಸಳುಗಳೆಲ್ಲ ಉರಿ ಎದ್ದಂತೆ ಮೇಲಕ್ಕೆ ಮಡಚಿಕೊಂಡಿವೆ. ಶಿಗ್ಗಾವಿ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ಮಕ್ಕಳು ಪಾಳಿ ಹಚ್ಚಿ ನಿಂತು ಬಿಳಿ ಗುಳಿಗೆ ಇಸಿದುಕೊಳ್ಳುತ್ತಿದ್ದಾರೆ. "ಹಂಗ ನುಂಗಬ್ಯಾಡ್ರಿ, ಕಡದು ತಿನ್ರಿ" ಎಂದು ಅಕ್ಕೋರು ಕೂಗುತ್ತಿದ್ದಾರೆ. ಸವಣೂರಿನ ಒಂದು ಹಿತ್ತಲಲ್ಲಿ, ಯಾರೂ ನೆಟ್ಟು ಬೆಳೆಸದ ನಿತ್ಯಪುಷ್ಪದ ಗಿಡ ಗುಲಾಬಿ ಬಣ್ಣದ ಹೂ ಹೊತ್ತುಕೊಂಡಿದೆ. ಹಿರೇಕೆರೂರಿನ ಗೊಬ್ಬರದಂಗಡಿಯಲ್ಲಿ ರೈತರೊಬ್ಬರು ಕಾರ್ಬೆಂಡಜಿಮ್ ಪೊಟ್ಟಣವನ್ನು ಜೇಬಿಗಿಳಿಸಿ ಚಿಲ್ಲರೆ ಎಣಿಸುತ್ತಿದ್ದಾರೆ.

ಬೇಲಿಯ ಹೂ, ಶಾಲೆಯ ಗುಳಿಗೆ, ಹಿತ್ತಲ ಗಿಡ, ಅಂಗಡಿಯ ಪುಡಿ. ಎತ್ತಣಿಂದೆತ್ತ ಸಂಬಂಧ?

ಸಂಬಂಧ ಇದೆ. ನಾಲ್ಕೂ ಜೀವಕೋಶದೊಳಗೆ ಹುಡುಕಿಕೊಂಡು ಹೋಗುವುದು ಒಂದೇ ಪ್ರೋಟೀನನ್ನು. ಅದರ ಹೆಸರು ಟ್ಯೂಬ್ಯುಲಿನ್. ಅದರ ಕಾಳುಗಳು ಒಂದಕ್ಕೊಂದು ಕೂಡಿ ಕಟ್ಟುವ ಕೊಳವೆಗೆ ಮೈಕ್ರೊಟ್ಯೂಬ್ಯೂಲ್ ಎನ್ನುತ್ತಾರೆ. ಕನ್ನಡದಲ್ಲಿ ಸೂಕ್ಷ್ಮನಾಳ ಎನ್ನೋಣ. ಬೂಷ್ಟಿನಲ್ಲೂ ಇದು ಉಂಟು, ಹೊಟ್ಟೆಯ ಹುಳುವಿನಲ್ಲೂ ಉಂಟು, ಗೋವಿನಜೋಳದ ಗರಿಯಲ್ಲೂ ಉಂಟು. ನಮ್ಮ ಮೈಯ ಬಹುತೇಕ ಎಲ್ಲ ಜೀವಕೋಶಗಳಲ್ಲೂ ಉಂಟು. ಆದರೆ ಇದನ್ನೇ ನೆಚ್ಚಿಕೊಂಡು ಕೂತಿರುವುದು ನರಕೋಶ.

ರವದಿ ಸುಲಿದು ನೋಡಿ

ಗೋವಿನಜೋಳ ಬೆಳೆಯುವ ಸೀಮೆಯವರಿಗೆ ಸೂಕ್ಷ್ಮನಾಳದ ರಚನೆ ತಿಳಿಯಲು ಚಿತ್ರಪಟ ಬೇಡ, ಒಂದು ತೆನೆ ಸಾಕು. ರವದಿ ಸುಲಿದು ಕೈಯಲ್ಲಿ ಹಿಡಿಯಿರಿ. ಬುಡದಿಂದ ತುದಿಯವರೆಗೆ ಕಾಳುಗಳು ಸಾಲಾಗಿ ಕೂತಿವೆ. ಸಾಲಿಗೆ ಸಾಲು ಒತ್ತಿಕೊಂಡು ದುಂಡಗೆ ಸುತ್ತಿಕೊಂಡಿವೆ. ಈಗ ನಡುವಿನ ದಿಂಡನ್ನು ಮಾತ್ರ ಮೆಲ್ಲಗೆ ಹೊರಗೆಳೆದು ಬಿಟ್ಟಿರಿ, ಕಾಳುಗಳು ಒಂದನ್ನೊಂದು ಹಿಡಿದುಕೊಂಡು ಹಾಗೆಯೇ ನಿಂತವು ಎಂದುಕೊಳ್ಳಿ. ಉಳಿದ ಟೊಳ್ಳು ತೆನೆಯೇ ಸೂಕ್ಷ್ಮನಾಳ.

ಇನ್ನೊಂದು ಕೆಲಸ ಮಾಡಿ, ಸಾಲುಗಳನ್ನು ಎಣಿಸಿ. 12 ಬಂದೀತು, 14 ಬಂದೀತು, 16 ಬಂದೀತು. ಜೋಳದ ತೆನೆಯಲ್ಲಿ ಹೂವಿನ ಮೊಗ್ಗುಗಳು ಮೂಡುವುದೇ ಜೋಡಿ ಜೋಡಿಯಾಗಿ, ಹಾಗಾಗಿ ಸಾಲು ಸಮಸಂಖ್ಯೆಯಲ್ಲೇ ಇರುತ್ತದೆ. ನಮ್ಮ ನರದೊಳಗಿನ ತೆನೆಗೆ ಈ ಕಟ್ಟಳೆ ಇಲ್ಲ. ಅದರ ಸಾಲು 13.

ಹದಿಮೂರೇ ಏಕೆ? 13 ಸಾಲಿದ್ದರೆ ಅವು ನಾಳದ ಉದ್ದಕ್ಕೂ ನೆಟ್ಟಗೆ ಓಡುತ್ತವೆ. ಒಂದು ಸಾಲು ಹೆಚ್ಚಾದರೂ ಕಡಿಮೆಯಾದರೂ ಇಡೀ ಕೊಳವೆ ಹಗ್ಗದ ಹುರಿಯ ಹಾಗೆ ಸಣ್ಣಗೆ ತಿರುಚಿಕೊಳ್ಳುತ್ತದೆ. ಸಾಲು ಹಿಡಿದು ನಡೆಯುವ ಹಮಾಲರು ಈ ಕೊಳವೆಯ ಮೇಲೆ ಇದ್ದಾರೆ, ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ. ಅವರಿಗೆ ನೆಟ್ಟಗಿನ ಸಾಲು ಬೇಕು. ಗಾಜಿನ ನಳಿಕೆಯಲ್ಲಿ ಟ್ಯೂಬ್ಯುಲಿನ್ ತನ್ನಷ್ಟಕ್ಕೆ ತಾನು ಕೂಡಿಕೊಂಡರೆ 14 ಸಾಲಿನ ನಾಳಗಳೇ ಜಾಸ್ತಿ ಹುಟ್ಟುತ್ತವೆ. ಜೀವಕೋಶ ಹಾಗೆ ಬಿಡುವುದಿಲ್ಲ. ಗಾಮಾ ಟ್ಯೂಬ್ಯುಲಿನ್ ಎಂಬ ಇನ್ನೊಂದು ಬಗೆಯ ಕಾಳಿನಿಂದ ಉಂಗುರದಂಥ ಅಚ್ಚು ಮಾಡಿ, ಅದರ ಮೇಲೆಯೇ ನಾಳ ಏಳುವಂತೆ ನೋಡಿಕೊಳ್ಳುತ್ತದೆ.

ಕಾಳು ಎಂದೆನಲ್ಲ, ಅದು ಒಂಟಿ ಕಾಳಲ್ಲ. ತೊಗರಿಗೆ ಎರಡು ಬೇಳೆ ಇರುವ ಹಾಗೆ ಇದರಲ್ಲಿ ಆಲ್ಫಾ, ಬೀಟಾ ಎಂದು ಎರಡು ಭಾಗ. ಒಂದೊಂದೂ ಸುಮಾರು 450 ಅಮೈನೊ ಆಮ್ಲಗಳ ಸರ, ಮಡಚಿ ಉಂಡೆಯಾದದ್ದು. ಜೋಡಿಯ ಉದ್ದ 8 ನ್ಯಾನೊಮೀಟರ್. ಇಡೀ ನಾಳದ ದಪ್ಪ 25 ನ್ಯಾನೊಮೀಟರ್. ಒಂದು ತಲೆಗೂದಲಿನ ಅಗಲಕ್ಕೆ ಇಂಥ ಎರಡರಿಂದ ನಾಲ್ಕು ಸಾವಿರ ನಾಳಗಳನ್ನು ಒತ್ತಾಗಿ ಜೋಡಿಸಬಹುದು. ಲೆಕ್ಕ ಹಾಕಿದರೆ ಬರೀ ಒಂದು ಮಿಲಿಮೀಟರ್ ಉದ್ದದ ನಾಳಕ್ಕೆ 16 ಲಕ್ಷ ಜೋಡಿ ಕಾಳು ಬೇಕು.

ಜೋಡಿಗಳೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿ ಕೂರುತ್ತವೆ. ಬಣವಿ ಒಟ್ಟುವಾಗ ಕಣಿಕಿ ಸಿವುಡುಗಳನ್ನು ಬುಡ ಒಂದು ಕಡೆ, ತುದಿ ಒಂದು ಕಡೆ ಮಾಡಿ ಇಡುವ ಹಾಗೆ. ಇದರಿಂದಾಗಿ ನಾಳಕ್ಕೂ ಬುಡ, ತುದಿ ಎಂಬುದು ಬರುತ್ತದೆ. ಪಕ್ಕದ ಸಾಲುಗಳಲ್ಲಿ ಆಲ್ಫಾದ ಮಗ್ಗುಲಿಗೆ ಆಲ್ಫಾ, ಬೀಟಾದ ಮಗ್ಗುಲಿಗೆ ಬೀಟಾ. ಒಂದು ಕಡೆ ಮಾತ್ರ ಈ ಹೊಂದಿಕೆ ತಪ್ಪಿ ಆಲ್ಫಾಕ್ಕೆ ಬೀಟಾ ತಾಗುತ್ತದೆ. ಹೊಲಿದ ಲುಂಗಿಗೆ ಒಂದು ಕಡೆ ಹೊಲಿಗೆ ಇರುತ್ತದಲ್ಲ, ಅದೇ ಇದು. ವಿಜ್ಞಾನಿಗಳೂ ಅದನ್ನು ಹೊಲಿಗೆ ಎಂದೇ ಕರೆಯುತ್ತಾರೆ.

ಇಷ್ಟು ಸೂಕ್ಷ್ಮವಾದ ಸಂಗತಿ ಕಣ್ಣಿಗೆ ಬಿದ್ದದ್ದು ಬಹಳ ಹಿಂದೆಯೇನಲ್ಲ. ಜೀವಕೋಶವನ್ನು ಕೆಡದಂತೆ ಗಟ್ಟಿಗೊಳಿಸುವ ಹೊಸ ರಾಸಾಯನಿಕ ಸಿಕ್ಕ ಮೇಲೆ, 1963ರ ಸುಮಾರಿಗೆ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನಾಳಗಳು ನಿಚ್ಚಳವಾಗಿ ಕಂಡವು, ಹೆಸರೂ ಬಂತು. ಕಾಳಿನ ಒಳಮೈ ಅಣು ಅಣುವಾಗಿ ಹೇಗಿದೆ ಎಂದು ಎವಾ ನೊಗಾಲೆಸ್ ಮತ್ತು ಸಂಗಡಿಗರು ಅಮೆರಿಕದಲ್ಲಿ ತೋರಿಸಿಕೊಟ್ಟದ್ದು 1998ರಲ್ಲಿ.

ನಾಳ, ಆದರೆ ನಲ್ಲಿಯಲ್ಲ

ಹೆಸರು ಸ್ವಲ್ಪ ದಾರಿ ತಪ್ಪಿಸುತ್ತದೆ. ನಾಳ ಎಂದ ಕೂಡಲೇ ಹನಿ ನೀರಾವರಿಯ ಪೈಪು ಕಣ್ಣ ಮುಂದೆ ಬಂದು, ಒಳಗೆ ಏನೋ ಹರಿಯುತ್ತಿರಬೇಕು ಎನಿಸುತ್ತದೆ. ಹಾಗಿಲ್ಲ. ನರಕೋಶದ ನಾಳಗಳ ಒಳಗೆ ಪುಟ್ಟ ಪ್ರೋಟೀನ್ ಕಣಗಳು ಅಲ್ಲಲ್ಲಿ ಕಂಡಿವೆ ನಿಜ, ಆದರೆ ಸಾಗಾಟ ನಡೆಯುವುದೆಲ್ಲ ಹೊರಮೈಯ ಮೇಲೆ. ಇದು ಪೈಪಲ್ಲ, ಹಳಿ.

ಹಳಿಯಾದರೆ ಟೊಳ್ಳು ಏಕೆ? ಬಿದಿರನ್ನು ಕೇಳಿ. ಅಷ್ಟೇ ತೂಕದ ಗಟ್ಟಿ ಕೋಲಿಗಿಂತ ಟೊಳ್ಳು ಗಳ ಕಡಿಮೆ ಬಾಗುತ್ತದೆ. ಜೀವಕೋಶದ ಒಳಗಿನ ಎಳೆಗಳ ಪೈಕಿ ಅತ್ಯಂತ ಸೆಡೆತ ಇರುವುದು ಸೂಕ್ಷ್ಮನಾಳಕ್ಕೇ.

ಪಠ್ಯಪುಸ್ತಕದ ಚಿತ್ರಗಳು ಇನ್ನೊಂದು ತಪ್ಪು ಕಲ್ಪನೆಗೂ ಕಾರಣ. ನರದ ಈ ತುದಿಯಿಂದ ಆ ತುದಿಯವರೆಗೆ ಅಖಂಡ ಕೊಳವೆ ಹಾಸಿದೆ ಎಂಬಂತೆ ಗೀಟು ಎಳೆದಿರುತ್ತಾರೆ. ಪುಂಡಿ ನಾರಿನ ಹಗ್ಗ ಹೊಸೆಯುವುದನ್ನು ನೋಡಿದವರಿಗೆ ನಿಜ ಬೇಗ ಹೊಳೆಯುತ್ತದೆ. ಹಗ್ಗ ನಲವತ್ತು ಮಾರು ಇದ್ದರೂ ಯಾವ ನಾರೂ ನಲವತ್ತು ಮಾರು ಇರುವುದಿಲ್ಲ. ಒಂದು ನಾರು ಮುಗಿಯುವ ಮೊದಲೇ ಇನ್ನೊಂದು ಸೇರಿಕೊಂಡಿರುತ್ತದೆ. ನರದಲ್ಲೂ ಹೀಗೆಯೇ. ಒಂದೊಂದು ನಾಳದ ಉದ್ದ ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ಒಂದರ ಪಕ್ಕ ಒಂದು ಸರಿದು, ಸಣ್ಣ ಎಳೆಯಲ್ಲಿ ಹತ್ತಾರು, ದಪ್ಪ ಎಳೆಯಲ್ಲಿ ನೂರಾರು ಸೇರಿ, ದಾರಿ ಕಡಿಯದ ಹಾಗೆ ಹಬ್ಬಿವೆ.

ಸೊಂಟದಿಂದ ಹೆಬ್ಬೆರಳಿಗೆ

ನರಕೋಶ ವಿಚಿತ್ರ ಆಕಾರದ್ದು. ಕಾಲ ಹೆಬ್ಬೆರಳಿನ ಸ್ನಾಯುವಿಗೆ ಅಪ್ಪಣೆ ಕೊಡುವ ಕೋಶದ ಒಡಲು ಇರುವುದು ಬೆನ್ನುಹುರಿಯಲ್ಲಿ, ಬೆನ್ನಿನ ಕೆಳಭಾಗದ ಮಟ್ಟದಲ್ಲಿ. ಅಲ್ಲಿಂದ ಹೊರಟ ಅದರ ಬಾಲ, ಅಂದರೆ ಆಕ್ಸಾನ್ ಎಂಬ ಎಳೆ, ತೊಡೆ, ಮೊಣಕಾಲು, ಮೀನಖಂಡ ದಾಟಿ ಪಾದ ಮುಟ್ಟುತ್ತದೆ. ಒಡಲು ಧೂಳಿನ ಕಣದಷ್ಟು, ಬಾಲ ಹೆಚ್ಚುಕಡಿಮೆ ಒಂದು ಮೀಟರ್. ಪ್ರೋಟೀನ್ ತಯಾರಿಸುವ ಅಡುಗೆಮನೆ ಬಹುಮಟ್ಟಿಗೆ ಒಡಲಿನಲ್ಲಿ, ಉಣ್ಣುವ ಬಾಯಿ ಅಷ್ಟು ದೂರದ ತುದಿಯಲ್ಲಿ.

ಕಲಕದೆ ಬಿಟ್ಟ ಚಹಾದಲ್ಲಿ ಸಕ್ಕರೆ ತಾನಾಗಿ ಹರಡುವಂತೆ ಪ್ರೋಟೀನೂ ತಾನಾಗಿ ಹರಡಿಕೊಂಡು ಹೋಗಲಿ ಎಂದರೆ, ಒಂದು ಮೀಟರ್ ದಾಟಲು ನೂರಾರು ವರ್ಷ ಹಿಡಿಯುತ್ತದೆ. ಹೊತ್ತು ಒಯ್ಯುವವರು ಬೇಕು. ಅವರೇ ಮೇಲೆ ಹೇಳಿದ ಹಮಾಲರು.

1985ರಲ್ಲಿ ಅಮೆರಿಕದ ವುಡ್ಸ್ ಹೋಲ್ ಕಡಲತೀರದ ಪ್ರಯೋಗಾಲಯದಲ್ಲಿ ರೊನಾಲ್ಡ್ ವೇಲ್, ಥಾಮಸ್ ರೀಸ್, ಮೈಕೆಲ್ ಶೀಟ್ಜ್ ಇವರು ಸ್ಕ್ವಿಡ್ ಎಂಬ ಕಡಲಜೀವಿಯ ದಪ್ಪ ನರವನ್ನು ಹಿಂಡಿ ತೆಗೆದ ರಸದಲ್ಲಿ ಮೊದಲ ಹಮಾಲನನ್ನು ಹಿಡಿದರು. ಹೆಸರು ಕೈನೆಸಿನ್. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಹೊತ್ತವನನ್ನು ನೋಡಿ: ಹಿಂದಿನಿಂದ ಚೀಲವೇ ನಡೆದು ಹೋದಂತೆ ಕಾಣುತ್ತದೆ, ಕೆಳಗೆ ಎರಡು ಕಾಲು ಮಾತ್ರ. ಕೈನೆಸಿನ್ ಕೂಡ ಹಾಗೆಯೇ. ಎರಡು ಪಾದ, ಉದ್ದ ಕಾಂಡ, ತಲೆಯ ಮೇಲೆ ತನಗಿಂತ ಎಷ್ಟೋ ಪಟ್ಟು ದೊಡ್ಡ ಹೊರೆ. ಒಂದು ಪಾದ ಊರಿಕೊಂಡು ಇನ್ನೊಂದನ್ನು ಮುಂದಿಡುತ್ತದೆ. ಹೆಜ್ಜೆಯ ಅಳತೆ 8 ನ್ಯಾನೊಮೀಟರ್, ಅಂದರೆ ಸರಿಯಾಗಿ ಒಂದು ಜೋಡಿ ಕಾಳಿನಿಂದ ಮುಂದಿನ ಜೋಡಿ ಕಾಳಿಗೆ. ಹೆಜ್ಜೆಗೊಂದು ಎಟಿಪಿ ಎಂಬ ಇಂಧನದ ಅಣು ಕೂಲಿ. ಸೆಕೆಂಡಿಗೆ ನೂರರ ಆಸುಪಾಸು ಹೆಜ್ಜೆ. ಸೊಂಟದಿಂದ ಹೆಬ್ಬೆರಳಿಗೆ ಹನ್ನೆರಡೂವರೆ ಕೋಟಿ ಹೆಜ್ಜೆಯಾಗುತ್ತದೆ. ಒಬ್ಬನೇ ಅಷ್ಟು ನಡೆಯುವುದಿಲ್ಲ. ಸ್ವಲ್ಪ ದೂರ ನಡೆದು ಜಾರುತ್ತಾನೆ, ಇನ್ನೊಬ್ಬ ಹಿಡಿದುಕೊಳ್ಳುತ್ತಾನೆ. ವೇಗದ ಸರಕು ದಿನಕ್ಕೆ 20ರಿಂದ 40 ಸೆಂಟಿಮೀಟರ್ ಸಾಗಿ, ಮೂರರಿಂದ ಐದು ದಿನದಲ್ಲಿ ಬೆರಳು ಮುಟ್ಟುತ್ತದೆ.

ನಾಳಕ್ಕೆ ಬುಡ ತುದಿ ಇದ್ದದ್ದರ ಉಪಯೋಗ ಇಲ್ಲಿ. ಆಕ್ಸಾನಿನಲ್ಲಿ ಎಲ್ಲ ನಾಳಗಳೂ ತುದಿಯನ್ನು ಹೊರಕ್ಕೆ, ಅಂದರೆ ಬೆರಳಿನ ಕಡೆಗೆ, ಚಾಚಿವೆ. ಬಹುತೇಕ ಕೈನೆಸಿನ್‌ಗಳು ತುದಿಯ ಕಡೆಗೆ ಮಾತ್ರ ನಡೆಯುತ್ತವೆ. ಡೈನೀನ್ ಎಂಬ ಇನ್ನೊಂದು ಜಾತಿಯ ಹಮಾಲರು ಬುಡದ ಕಡೆಗೆ, ಹಳೆಯ ಸಾಮಾನು ಹೊತ್ತುಕೊಂಡು ಮರಳುತ್ತಾರೆ. ಫಲಕವಿಲ್ಲದೆ, ಪೊಲೀಸರಿಲ್ಲದೆ ಸಂಚಾರ ನಡೆದಿದೆ.

ಹಳಿಯ ಮೇಲೆ ಗುರುತುಗಳೂ ಇವೆ. ಪ್ರತಿ ಕಾಳಿನಿಂದಲೂ ಕುಚ್ಚಿನಂಥ ಸಣ್ಣ ಬಾಲ ಹೊರಗೆ ಜೋತಾಡುತ್ತದೆ. ಅದಕ್ಕೆ ಜೀವಕೋಶ ಬೇರೆ ಬೇರೆ ರಾಸಾಯನಿಕ ತುಣುಕುಗಳನ್ನು ಅಂಟಿಸುತ್ತದೆ, ಕೀಳುತ್ತದೆ. ಯಾವ ಗುರುತಿದ್ದರೆ ಯಾವ ಹಮಾಲ ಚುರುಕಾಗುತ್ತಾನೆ ಎಂಬುದನ್ನು ವೇಲ್ ಅವರ ಪ್ರಯೋಗಾಲಯದಲ್ಲಿ ಬಿಡಿಸಿ ತೋರಿಸಿ 2014ರಲ್ಲಿ ಪ್ರಕಟಿಸಿದವರಲ್ಲಿ ಮೊದಲಿಗರು ಮಿನ್ಹಾಜುದ್ದೀನ್ ಸಿರಾಜುದ್ದೀನ್. ಅವರ ಈಗಿನ ಪ್ರಯೋಗಾಲಯ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯಲ್ಲಿ, ಜಿಕೆವಿಕೆ ಆವರಣದೊಳಗೆ ಇದೆ.

ನಾಯಿ ಕಡಿದ ಕಾಲು

ಈ ದಾರಿಯನ್ನು ಕಳ್ಳರೂ ಬಳಸುತ್ತಾರೆ. ಹುಚ್ಚುನಾಯಿ ಮೀನಖಂಡಕ್ಕೆ ಬಾಯಿ ಹಾಕಿತು ಎನ್ನಿ. ಜೊಲ್ಲಿನ ಜೊತೆ ಬಂದ ರೇಬೀಸ್ ವೈರಸ್ಸಿಗೆ ಕಾಲೂ ಇಲ್ಲ, ರೆಕ್ಕೆಯೂ ಇಲ್ಲ. ಗಾಯದ ಬಳಿಯ ನರದ ತುದಿಯೊಳಗೆ ನುಸುಳಿ, ಮರಳಿ ಹೊರಟ ಡೈನೀನ್ ಹಮಾಲನ ಹೊರೆಯಲ್ಲಿ ಸೇರಿಕೊಳ್ಳುತ್ತದೆ. ದಿನಕ್ಕೆ ಕೆಲವು ಸೆಂಟಿಮೀಟರಿನಂತೆ ಬೆನ್ನುಹುರಿಗೆ, ಅಲ್ಲಿಂದ ಮೆದುಳಿಗೆ. ತಲೆ, ಮುಖ, ಕತ್ತಿಗೆ ಕಡಿದರೆ ವೈದ್ಯರು ಹೆಚ್ಚು ಗಾಬರಿಯಾಗುವುದು ಇದಕ್ಕೇ: ಹಳಿ ಗಿಡ್ಡ.

ಹಾಗಾದರೆ ಕಾಲಿಗೆ ಕಡಿದಾಗ ಲಕ್ಷಣ ಕಾಣಲು ಹೆಚ್ಚಾಗಿ ಒಂದರಿಂದ ಮೂರು ತಿಂಗಳು ಏಕೆ? ವೈರಸ್ ಎಷ್ಟೋ ದಿನ ಗಾಯದ ಸುತ್ತಲ ಮಾಂಸದಲ್ಲೇ ಹೊಂಚುಹಾಕಿ ಕೂತಿರಬಹುದು. ನಮಗೆ ಸಿಗುವ ಸಮಯ ಅದೊಂದೇ. ಹದಿನೈದು ನಿಮಿಷ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಗಾಯ ತೊಳೆಯಿರಿ, ಅವತ್ತೇ ಲಸಿಕೆ ಹಾಕಿಸಿ ಎನ್ನುವುದು, ಆಳದ ಗಾಯವಾದರೆ ಅದರ ಸುತ್ತಲೇ ಇಮ್ಯುನೊಗ್ಲಾಬ್ಯುಲಿನ್ ಚುಚ್ಚುವುದು, ಎಲ್ಲವೂ ವೈರಸ್ ಹಳಿ ಹತ್ತುವ ಮೊದಲೇ ಅದನ್ನು ಹಿಡಿಯುವ ಉಪಾಯ. ಅರಿಸಿನ, ಸುಣ್ಣ, ಖಾರದ ಪುಡಿ ಮೆತ್ತಿ ಎರಡು ದಿನ ಕಳೆಯುವವರನ್ನು ಇವತ್ತಿಗೂ ಕಾಣುತ್ತೇನೆ. ಹೊಟ್ಟೆ ಉರಿಯುತ್ತದೆ.

ತುದಿ ಬೆಳೆಯುತ್ತದೆ, ತುದಿ ಸಿಡಿಯುತ್ತದೆ

ರೈಲಿನ ಹಳಿ ಒಮ್ಮೆ ಹಾಕಿದರೆ ಮುಗಿಯಿತು. ಸೂಕ್ಷ್ಮನಾಳ ಹಾಗಲ್ಲ, ಅದರ ತುದಿ ನಿಂತಲ್ಲಿ ನಿಲ್ಲುವುದಿಲ್ಲ. ಹೊಸ ಕಾಳು ಬಂದು ಕೂರುವಾಗ ಜಿಟಿಪಿ ಎಂಬ ಇಂಧನದ ಅಣುವನ್ನು ಹಿಡಿದುಕೊಂಡು ಬರುತ್ತದೆ. ಕೂತ ಸ್ವಲ್ಪ ಹೊತ್ತಿಗೆ ಇಂಧನ ಖರ್ಚಾಗಿ, ಕಾಳು ಹೊರಕ್ಕೆ ಬಾಗಲು ಹವಣಿಸುತ್ತದೆ. ತುದಿಯಲ್ಲಿ ತಾಜಾ ಕಾಳುಗಳ ಟೊಪ್ಪಿಗೆ ಇರುವತನಕ ಹಿಂದಿನವು ಅಲುಗಾಡುವಂತಿಲ್ಲ. ಟೊಪ್ಪಿಗೆ ಹೋಯಿತೋ, ಹದಿಮೂರು ಸಾಲುಗಳೂ ಬಾಳೆಹಣ್ಣಿನ ಸಿಪ್ಪೆಯಂತೆ ಸುತ್ತಲೂ ಸುಲಿದುಕೊಂಡು ನಾಳ ಸರಸರನೆ ಕುಸಿಯುತ್ತದೆ. ಮತ್ತೆ ಟೊಪ್ಪಿಗೆ ಕೂತರೆ ಮತ್ತೆ ಬೆಳೆಯುತ್ತದೆ. 1984ರಲ್ಲಿ ಟಿಮ್ ಮಿಚಿಸನ್, ಮಾರ್ಕ್ ಕಿರ್ಶ್ನರ್ ಈ ಆಟವನ್ನು ಕಂಡುಹಿಡಿದರು. ನರಕೋಶದಲ್ಲಿ ನಾಳದ ಒಂದಷ್ಟು ಭಾಗ ಗಟ್ಟಿಯಾಗಿ ನೆಲೆನಿಂತಿದ್ದರೆ, ಒಂದಷ್ಟು ಭಾಗ ಹೀಗೆ ಕಟ್ಟಿ ಕೆಡವುತ್ತಲೇ ಇರುತ್ತದೆ.

ಕಟ್ಟಿ ಕೆಡವುವ ಈ ಆಟದೊಳಗೇ ಆ ನಾಲ್ಕು ವಸ್ತುಗಳು ಕೈ ಹಾಕುವುದು.

ಹೂ, ಗುಳಿಗೆ, ಪುಡಿ

ಗೌರಿ ಹೂವಿನ ಗಡ್ಡೆಯಲ್ಲೂ ಬೀಜದಲ್ಲೂ ಕಾಲ್ಚಿಸಿನ್ ಎಂಬ ವಿಷವಿದೆ. ಅದು ಹೋಗಿ ಆಲ್ಫಾ ಬೀಟಾಗಳ ಸಂದಿನಲ್ಲಿ ಬೆಣೆಯಂತೆ ಸಿಕ್ಕಿಕೊಳ್ಳುತ್ತದೆ. ಸೊಟ್ಟಗಾದ ಜೋಡಿ ಸಾಲಿನಲ್ಲಿ ಕೂರಲಾರದು. ಇದೇ ವಿಷವನ್ನು ಹನಿಯ ಲೆಕ್ಕದಲ್ಲಿ ಕೊಟ್ಟರೆ ಗೌಟ್ ಎಂಬ ಕೀಲುಬೇನೆಗೆ ಮದ್ದು; ಗೆಣಸೆಂದು ತಿಳಿದು ಗಡ್ಡೆ ತಿಂದರೆ ವಾಂತಿ ಭೇದಿಯಿಂದ ಶುರುವಾಗಿ ಜೀವಕ್ಕೇ ಬರುತ್ತದೆ, ಬದುಕಿ ಉಳಿದವರ ತಲೆಗೂದಲೂ ಉದುರುತ್ತದೆ. ಹಬ್ಬಕ್ಕೆ ಹೂ ಕೊಯ್ಯಿರಿ, ಗಡ್ಡೆಯ ತಂಟೆಗೆ ಹೋಗಬೇಡಿ.

ಟ್ಯೂಬ್ಯುಲಿನ್ ಮನುಷ್ಯನ ಕೈಗೆ ಸಿಕ್ಕದ್ದೇ ಈ ವಿಷದ ಜಾಡು ಹಿಡಿದು. 1967ರಲ್ಲಿ ಗ್ಯಾರಿ ಬೋರಿಸಿ ಮತ್ತು ಎಡ್ವಿನ್ ಟೇಲರ್ ವಿಕಿರಣ ಸೂಸುವ ಕಾಲ್ಚಿಸಿನ್ ಮಾಡಿ, ಅದು ಯಾವ ಪ್ರೋಟೀನಿಗೆ ಅಂಟುತ್ತದೆ ಎಂದು ಬೆನ್ನುಹತ್ತಿದರು. ಮೆದುಳಿನಲ್ಲಿ ಆ ಪ್ರೋಟೀನು ರಾಶಿ ರಾಶಿ ಸಿಕ್ಕಿತು. ಮರುವರ್ಷ ಜಪಾನಿನ ಹಿದೆಯೊ ಮೊಹ್ರಿ ಅದಕ್ಕೆ ಟ್ಯೂಬ್ಯುಲಿನ್ ಎಂದು ಹೆಸರಿಟ್ಟರು. ಇವತ್ತಿಗೂ ಪ್ರಯೋಗಾಲಯಗಳು ಅದನ್ನು ಮೆದುಳಿನಿಂದಲೇ ತೆಗೆಯುತ್ತವೆ. ಹೊರದೇಶಗಳಲ್ಲಿ ಹಂದಿಯದು, ದನದ್ದು, ನಮ್ಮ ದೇಶದಲ್ಲಿ ಎಷ್ಟೋ ಕಡೆ ಆಡಿನದು. ಮಟನ್ ಅಂಗಡಿಯ ಭೇಜಾ ಎಂದರೆ ಒಂದು ಲೆಕ್ಕಕ್ಕೆ ಟ್ಯೂಬ್ಯುಲಿನ್ ಮುದ್ದೆ.

ಶಿಗ್ಗಾವಿಯ ಶಾಲೆಯ ಗುಳಿಗೆ ಅಲ್ಬೆಂಡಜೋಲ್, 400 ಮಿಲಿಗ್ರಾಂ. 2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದ ಹೆಸರಿನಲ್ಲಿ ದೇಶದ ಮಕ್ಕಳಿಗೆಲ್ಲ ಕೊಡುವುದು ಇದನ್ನೇ. ಹಿರೇಕೆರೂರಿನ ಅಂಗಡಿಯ ಕಾರ್ಬೆಂಡಜಿಮ್, ಶೇಂಗಾ ಕಡಲೆ ಬಿತ್ತುವ ಮೊದಲು ಕಿಲೋ ಬೀಜಕ್ಕೆ 2 ಗ್ರಾಂನಂತೆ ಲೇಪಿಸುವ ಪುಡಿ, ಮೆಣಸಿನಕಾಯಿ ಕೊಳೆತಾಗ ಸಿಂಪಡಿಸುವ ಪುಡಿ. ಒಂದು ಮಗುವಿನ ಹೊಟ್ಟೆಗೆ, ಇನ್ನೊಂದು ಹೊಲಕ್ಕೆ. ಆದರೆ ಎರಡೂ ಬೆಂಜಿಮಿಡಜೋಲ್ ಎಂಬ ಒಂದೇ ಮನೆತನದ ದಾಯಾದಿಗಳು. ಇದು ಮೊದಲ ಸಲ ತಿಳಿದಾಗ ನಾನಂತೂ ಗುಳಿಗೆಯ ಚೀಟಿಯನ್ನೂ ಪುಡಿಯ ಪೊಟ್ಟಣವನ್ನೂ ಪಕ್ಕಪಕ್ಕ ಇಟ್ಟುಕೊಂಡು ಎರಡೆರಡು ಬಾರಿ ಓದಿದೆ.

ಎರಡೂ ಬೀಟಾ ಕಾಳಿಗೆ ಅಂಟಿ, ನಾಳ ಕಟ್ಟುವುದನ್ನು ತಡೆಯುತ್ತವೆ. ಬೂಷ್ಟು ಕವಲೊಡೆಯುವುದಿಲ್ಲ, ಹುಳುವಿನ ಕರುಳು ಸಕ್ಕರೆ ಹೀರಲಾರದೆ ಹುಳು ಹಸಿದು ಸಾಯುತ್ತದೆ. ಹಾಗಾದರೆ ಗುಳಿಗೆ ತಿಂದ ಮಗುವಿನ ನರಕ್ಕೆ ಏನೂ ಆಗದೇ? ಮೊದಲನೆಯದಾಗಿ ಗುಳಿಗೆಯ ಬಹುಭಾಗ ಕರುಳಿನಲ್ಲೇ ಉಳಿದು ಹೊರಗೆ ಹೋಗುತ್ತದೆ. ಎರಡನೆಯದು, ಮನುಷ್ಯನ ಟ್ಯೂಬ್ಯುಲಿನ್ ಅದನ್ನು ಗಟ್ಟಿಯಾಗಿ ಹಿಡಿದುಕೊಳ್ಳುವುದಿಲ್ಲ. 450ರಷ್ಟು ಮಣಿಗಳ ಆ ಸರದಲ್ಲಿ 200ನೆಯ ಮಣಿ ಹುಳುವಿನಲ್ಲಿ ಒಂದು ಬಗೆ, ನಮ್ಮಲ್ಲಿ ಇನ್ನೊಂದು ಬಗೆ. ಅಷ್ಟೇ ವ್ಯತ್ಯಾಸದ ಮೇಲೆ ಬಹಳಷ್ಟು ನಿಂತಿದೆ.

ಹುಳುವೂ ಇದನ್ನು ಕಲಿತುಬಿಡುತ್ತದೆ. ಒಂದೇ ಔಷಧವನ್ನು ಮತ್ತೆ ಮತ್ತೆ ಹಾಕಿದ ಕುರಿಗಳ ಹೊಟ್ಟೆಯಲ್ಲಿ, ಅದೇ 200ನೆಯ ಮಣಿ ನಮ್ಮದರಂತೆ ಬದಲಾದ ಹುಳುಗಳು ಉಳಿದು ಮರಿ ಮಾಡುತ್ತವೆ. ಬೂಷ್ಟಿನಲ್ಲೂ ಆಗುವುದು ಹೀಗೆ, 198 ಮತ್ತು 200ನೆಯ ಮಣಿಗಳಲ್ಲಿ. ಅದೇ ಪುಡಿಯನ್ನು ಹೊಲಕ್ಕೆ ಪ್ರತಿ ಸಲ ಹೊಡೆದು "ಈ ವರ್ಷ ಪುಡಿ ಹತ್ತಲಿಲ್ಲ, ನಕಲಿ ಇರಬೇಕು" ಎಂದು ಅಂಗಡಿಯವನ ಜೊತೆ ಜಗಳಕ್ಕೆ ಬೀಳುವ ಮೊದಲು ಈ ಮಣಿಗಳನ್ನು ನೆನೆಯುವುದು ಒಳ್ಳೆಯದು.

ಪಾದವೇ ಮೊದಲು

ನಿತ್ಯಪುಷ್ಪದ ಎಲೆಗಳಿಂದ ತೆಗೆಯುವ ವಿನ್‌ಕ್ರಿಸ್ಟಿನ್ ಮಕ್ಕಳ ರಕ್ತದ ಕ್ಯಾನ್ಸರಿಗೆ ಅರವತ್ತು ವರ್ಷಗಳಿಂದ ಕೊಡುತ್ತಿರುವ ಔಷಧ. ಜೀವಕೋಶ ಇಬ್ಭಾಗವಾಗುವಾಗ ವರ್ಣತಂತುಗಳನ್ನು ಎರಡು ಕಡೆ ಎಳೆಯುವುದೂ ಸೂಕ್ಷ್ಮನಾಳಗಳೇ. ಅವು ಕಟ್ಟದಂತೆ ಮಾಡಿದರೆ ಬೇಕಾಬಿಟ್ಟಿ ಒಡೆಯುವ ಕ್ಯಾನ್ಸರ್ ಕೋಶ ಅರ್ಧಕ್ಕೆ ಸಿಕ್ಕಿಬಿದ್ದು ಸಾಯುತ್ತದೆ.

ನರಕೋಶ ಇಬ್ಭಾಗವಾಗುವುದಿಲ್ಲ, ಹಾಗಾಗಿ ಅದು ಬಚಾವು ಎನಿಸಬೇಕು. ಆದರೆ ಅದಕ್ಕೆ ಹಳಿ ಬೇಕಲ್ಲ. ಹುಬ್ಬಳ್ಳಿಗೋ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಹೋಗಿ ಈ ಔಷಧ ಹಾಕಿಸಿಕೊಂಡು ಬಂದವರು ಹೇಳುವ ಮಾತು ಒಂದೇ ತೆರ: ಮೊದಲು ಕಾಲ್ಬೆರಳು ಜೋಮು ಹಿಡಿಯಿತು, ಆಮೇಲೆ ಪಾದ, ಆಮೇಲೆ ಕೈಬೆರಳು. ಚಪ್ಪಲಿ ಕಾಲಿನಿಂದ ಕಳಚಿದ್ದು ಗೊತ್ತಾಗಲಿಲ್ಲ, ಅಂಗಿಯ ಗುಂಡಿ ಹಾಕಲು ಬರಲಿಲ್ಲ. ಉದ್ದದ ಹಳಿ ಮೊದಲು ಸೊರಗುತ್ತದೆ. ಔಷಧ ನಿಲ್ಲಿಸಿದ ಮೇಲೆ ಎಷ್ಟೋ ಜನರಲ್ಲಿ ಇದು ನಿಧಾನವಾಗಿ ತಿಳಿಯಾಗುತ್ತದೆ.

ಸೋಜಿಗವೆಂದರೆ, ಟ್ಯಾಕ್ಸಾಲ್ ಎಂಬ ಇನ್ನೊಂದು ಕ್ಯಾನ್ಸರ್ ಔಷಧ ಮಾಡುವುದು ಇದಕ್ಕೆ ತದ್ವಿರುದ್ಧ. ಅದು ನಾಳವನ್ನು ಕುಸಿಯದಂತೆ ಬಿಗಿಹಿಡಿಯುತ್ತದೆ ಎಂದು ಸೂಸನ್ ಹಾರ್ವಿಟ್ಜ್ 1979ರಲ್ಲಿ ತೋರಿಸಿದರು. ಅದರಿಂದಲೂ ಕಾಲು ಜೋಮೇ.

ಅರಳು ಮರಳು

ಹಳಿಯ ಮೈಗೆ ಅಂಟಿಕೊಂಡಿರುವ ಟೌ ಎಂಬ ಪ್ರೋಟೀನಿನ ಹೆಸರನ್ನು ಹಲವರು ಕೇಳಿರುತ್ತಾರೆ. 1975ರಲ್ಲಿ ಕಂಡುಬಂದ ಇದು ನಾಳದ ಸಾಲಿನುದ್ದಕ್ಕೂ ಬಳ್ಳಿಯಂತೆ ಹಬ್ಬಿ, ಕಾಳಿನಿಂದ ಕಾಳಿಗೆ ಹೊಲಿಗೆ ಹಾಕಿದಂತೆ ಕೂರುತ್ತದೆ. ಅಲ್ಜೈಮರ್ ಕಾಯಿಲೆಯಲ್ಲಿ ಟೌ ಮೇಲೆ ಫಾಸ್ಫೇಟ್ ತುಣುಕುಗಳು ಅತಿಯಾಗಿ ಹತ್ತಿಕೊಂಡು, ಅದು ನಾಳದಿಂದ ಕಳಚಿ, ತನ್ನಲ್ಲೇ ಸಿಕ್ಕುಸಿಕ್ಕಾಗುತ್ತದೆ. 1906ರಲ್ಲಿ ಜರ್ಮನಿಯ ಅಲೋಯಿಸ್ ಅಲ್ಜೈಮರ್ ತಮ್ಮ ರೋಗಿಯ ಮೆದುಳಿನಲ್ಲಿ ಕಂಡದ್ದಾಗಿ ವರದಿ ಮಾಡಿದ ಸಿಕ್ಕುಗಳು ಇವೇ.

ಟೌ ಕಳಚಿತು, ಹಳಿ ಬಿತ್ತು, ಮರೆವು ಬಂತು ಎಂದು ಸರಳವಾಗಿ ಹೇಳುವುದುಂಟು. ನನಗೆ ಅದು ಒಪ್ಪಿಗೆಯಾಗದು. ಹುಟ್ಟಿನಿಂದಲೇ ಟೌ ಇಲ್ಲದ ಇಲಿಗಳನ್ನು 1994ರಲ್ಲೇ ಸೃಷ್ಟಿಸಿದ್ದಾರೆ; ಅವುಗಳ ನರ ಕುಸಿದು ಬೀಳಲಿಲ್ಲ. ಹಳಿಯಿಂದ ಟೌ ಕಡಿಮೆಯಾದದ್ದಕ್ಕಿಂತ, ಕಳಚಿದ ಟೌ ಗಂಟು ಕಟ್ಟಿಕೊಂಡು ಅಡ್ಡ ಬೀಳುವುದೇ ದೊಡ್ಡ ಕೇಡು ಎಂದು ಈಗ ಹಲವರು ಎಣಿಸುತ್ತಾರೆ.

ನಮ್ಮ ಕಡೆ ಅಜ್ಜ ಅಜ್ಜಿ ಮನೆ ದಾರಿ ಮರೆತರೆ "ಅರಳು ಮರಳು, ವಯಸ್ಸಾತು" ಎಂದು ಸುಮ್ಮನಾಗುತ್ತೇವೆ. ಅದು ಬರೀ ವಯಸ್ಸೋ, ಕಾಯಿಲೆಯೋ ಎಂಬುದು ಮೆದುಳನ್ನು ಕೊಯ್ದು ನೋಡಿದಾಗ ಮಾತ್ರ ಪೂರ್ತಿ ತೀರ್ಮಾನವಾಗುತ್ತಿದ್ದ ಕಾಲ ತೀರಾ ಹಿಂದಿನದಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಎಸ್.ಕೆ. ಶಂಕರ್ 1995ರಲ್ಲಿ ಕಟ್ಟಿದ ಮೆದುಳು ಭಂಡಾರವಿದೆ. ಕುಟುಂಬದವರು ದಾನ ಕೊಟ್ಟ ಮೆದುಳುಗಳನ್ನು ಅಲ್ಲಿ ಸಂಶೋಧನೆಗೆ ಕಾದಿಟ್ಟಿದ್ದಾರೆ. ಪಕ್ಕದ ಸಂಗ್ರಹಾಲಯದಲ್ಲಿ ಸಾರ್ವಜನಿಕರು ನಿಜವಾದ ಮೆದುಳನ್ನು ಕೈಯಲ್ಲಿ ಹಿಡಿದು ನೋಡಬಹುದು.

ಪ್ರಜ್ಞೆ ನಾಳದಲ್ಲಿದೆಯೇ?

ಸೂಕ್ಷ್ಮನಾಳದ ಹೆಸರು ಕೇಳಿದ್ದೇ ಕೆಲವರು ಆತ್ಮದ ಮಾತೆತ್ತುತ್ತಾರೆ. ಇದಕ್ಕೆ ಮೂಲ, ಗಣಿತಜ್ಞ ರೋಜರ್ ಪೆನ್ರೋಸ್ ಮತ್ತು ಅರಿವಳಿಕೆ ವೈದ್ಯ ಸ್ಟುವರ್ಟ್ ಹ್ಯಾಮರಾಫ್ 1990ರ ದಶಕದಲ್ಲಿ ಮುಂದಿಟ್ಟ ಊಹೆ: ಮನುಷ್ಯನ ಪ್ರಜ್ಞೆ ಹುಟ್ಟುವುದು ನರಕೋಶದ ಸೂಕ್ಷ್ಮನಾಳಗಳಲ್ಲಿ ನಡೆಯುವ ಕ್ವಾಂಟಮ್ ಕ್ರಿಯೆಯಿಂದ. ಮೆದುಳಿನಂಥ ಬಿಸಿ, ಒದ್ದೆ ಜಾಗದಲ್ಲಿ ಅಂಥ ನಾಜೂಕು ಸ್ಥಿತಿ ಸೆಕೆಂಡಿನ ಲಕ್ಷ ಕೋಟಿಯ ಒಂದು ಭಾಗದಷ್ಟೂ ನಿಲ್ಲದು ಎಂದು 2000ದಲ್ಲಿ ಮ್ಯಾಕ್ಸ್ ಟೆಗ್‌ಮಾರ್ಕ್ ಲೆಕ್ಕ ಕೊಟ್ಟರು. ಚರ್ಚೆ ನಿಂತಿಲ್ಲ, ಪುರಾವೆಯೂ ಕೈಗೆ ಬಂದಿಲ್ಲ. ಪೆನ್ರೋಸರಿಗೆ 2020ರಲ್ಲಿ ನೊಬೆಲ್ ಬಂದದ್ದನ್ನು ಮುಂದೆ ಮಾಡಿ ಇದನ್ನು ನಂಬಿಸಲು ನೋಡುವ ವಾಟ್ಸ್ಆ್ಯಪ್ ಸಂದೇಶಗಳು ಬರುತ್ತವೆ. ಆ ಬಹುಮಾನ ಕಪ್ಪುಕುಳಿಗಳ ಕೆಲಸಕ್ಕೆ ಬಂದದ್ದು.

ದಿನಕ್ಕೊಂದು ಮಿಲಿಮೀಟರ್

ಕೊನೆಗೊಂದು ಪ್ರಶ್ನೆ ಉಳಿಯುತ್ತದೆ. ಹಮಾಲರು ಹೊರೆಯನ್ನು ಹಳಿಯ ಮೇಲೆ ಒಯ್ಯುತ್ತಾರೆ ಸರಿ, ಹಳಿಯ ಕಾಳನ್ನೇ ದೂರದ ತುದಿಗೆ ಒಯ್ಯುವವರು ಯಾರು? ಅವರೇ. ಆದರೆ ಈ ಸರಕು ವೇಗದ ಗಾಡಿಯಲ್ಲಿ ಹೋಗುವುದಿಲ್ಲ. ಸ್ವಲ್ಪ ಸರಿದು, ಬಹಳ ಹೊತ್ತು ನಿಂತು, ಮತ್ತೆ ಸ್ವಲ್ಪ ಸರಿದು, ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಸಾಗುತ್ತದೆ.

ಕಬ್ಬು ಕಡಿಯುವಾಗ ಕುಡುಗೋಲು ಜಾರಿ ಮಣಿಕಟ್ಟಿನ ನರ ತುಂಡಾದವರಿಗೆ ಈ ಲೆಕ್ಕ ಅನುಭವದಿಂದ ಗೊತ್ತು. ವೈದ್ಯರು ನರ ಹೊಲಿದು, ಬೆರಳ ತುದಿಗೆ ಸ್ಪರ್ಶ ಬರಲು ಆರು ತಿಂಗಳು ಕಾಯಿರಿ ಎನ್ನುತ್ತಾರೆ. ಮಣಿಕಟ್ಟಿನಿಂದ ಬೆರಳ ತುದಿಗೆ ಒಂದು ಗೇಣಿನ ಆಸುಪಾಸು, ನೂರೆಂಬತ್ತು ಮಿಲಿಮೀಟರ್. ನರ ಹೊಸದಾಗಿ ಚಿಗುರಿ ಸಾಗುವುದೂ ದಿನಕ್ಕೆ ಒಂದು ಮಿಲಿಮೀಟರಿನ ಮೇಲೆ ಕೆಳಗೆ.

ಸೊಂಟದಿಂದ ಕಾಲ ಹೆಬ್ಬೆರಳಿಗೆ ಇದೇ ನಡಿಗೆಯಲ್ಲಿ ಸಾವಿರ ದಿನ. ಇವತ್ತು ಬೇಲಿಯ ಮೇಲೆ ಗೌರಿ ಹೂ ಅರಳಿದ ಬೆಳಿಗ್ಗೆ ನಿಮ್ಮ ಬೆನ್ನುಹುರಿಯಲ್ಲಿ ತಯಾರಾದ ಟ್ಯೂಬ್ಯುಲಿನ್ ಕಾಳು ಹೆಬ್ಬೆರಳು ಮುಟ್ಟುವ ಹೊತ್ತಿಗೆ, ಆ ಬಳ್ಳಿ ಒಣಗಿ ಗಡ್ಡೆಗಿಳಿದು ಮತ್ತೆ ಎರಡು ಸಲ ಹೂಬಿಟ್ಟು, ಮೂರನೆಯ ಮಳೆಗಾಲಕ್ಕೆ ಕಾಯುತ್ತಿರುತ್ತದೆ.